ಎಡಬಾಗಿಲಿನ ವೈರು

ಮಂಗಳವಾರ, ಮಧ್ಯಾಹ್ನ ಎರಡು ಗಂಟೆ
ನಿನ್ನ ಕಾರಿನೊಳಗಿಂದ

ಪ್ರೀತಿಯ ಅಕ್ಕನಿಗೆ, ಬೈಯುವ ಮೊದಲು ಪೂರ್ತಿ ಓದು ಎಂದು ಬೇಡಿಕೊಳ್ಳುತ್ತ ತಮ್ಮ ಮಾಡುವ ನಮಸ್ಕಾರಗಳು.

ಕಾರು ಸ್ಟಾರ್ಟ್ ಆಗುವುದಿಲ್ಲ. ರಿಮೋಟು ಒತ್ತಿ ಒತ್ತಿ ಬೆರಳು ನೋಯಿಸಿಕೊಳ್ಳಬೇಡ. ಬ್ಯಾಟರಿಯ ಒಂದು ವೈರನ್ನು ನಾನೇ ಬಿಚ್ಚಿ ಬಟ್ಟೆ ಸುತ್ತಿಟ್ಟಿದ್ದೇನೆ. ಒಂದು ಗಂಟೆಗೆ ನೀನು ಬಂದಾಗ ಫ್ಯೂಜು ಹೋಗಿದೆ, ಅಪ್ಪನನ್ನು ಬಾಡಿಗೆ ಕಾರಿನಲ್ಲಿ ಕಾಲಿನ ವ್ಯಾಯಾಮಕ್ಕೆ ಕರೆದುಕೊಂಡು ಹೋಗು ಎಂದೆನಲ್ಲ, ಅದು ಸುಳ್ಳು. ‘ಯಾವ ಫ್ಯೂಜು ಹೋಯ್ತು, ನೀನಾ?’ ಎಂದು ನನ್ನ ಅಡ್ಡಹೆಸರು ಹಿಡಿದು ನೀನು ನಕ್ಕೆ. ನಾನೂ ನಕ್ಕೆ. ನೀವಿಬ್ಬರೂ ಗೇಟು ದಾಟಿದ ಮೇಲೆ ವೈರು ಬಿಚ್ಚಿ, ಕಾಗದ ಹಿಡಿದು ಇಲ್ಲಿ ಕೂತೆ. ಅಕ್ಷರ ಓರೆಕೋರೆ ಇದ್ದರೆ ಕ್ಷಮಿಸು, ಸ್ಟಿಯರಿಂಗ್ ಮೇಲೆ ಕಾಗದವಿಟ್ಟು ಬರೆಯುತ್ತಿದ್ದೇನೆ.

ನಡೆದದ್ದನ್ನು ಹೇಳುತ್ತೇನೆ. ಭಾನುವಾರ ನಿನ್ನ ಕಾರಿಗೆ ಅಲಾರಂ, ರಿಮೋಟ್ ಸ್ಟಾರ್ಟರ್ ಎರಡನ್ನೂ ಕೂರಿಸಿದೆನಲ್ಲ. ಕೀ ತಿರುಗಿಸುವ ಕಡೆಯಿಂದ ಬರುವ ದಪ್ಪ ವೈರುಗಳನ್ನು ಒಂದೊಂದಾಗಿ ಟೆಸ್ಟ್ ಲ್ಯಾಂಪು ಹಿಡಿದು ನೋಡಿದೆ. ಎಂಜಿನ್ ತಿರುಗುವಾಗಲೂ ದೀಪ ಆರದಿದ್ದರೆ ಅದು ಇಗ್ನಿಷನ್ ವೈರು, ತಿರುಗುವಾಗ ಮಾತ್ರ ಹತ್ತಿದರೆ ಸ್ಟಾರ್ಟರ್ ವೈರು. ಇದನ್ನೆಲ್ಲ ನಿನಗೆ ಹೇಳುವುದು ಅಧಿಕಪ್ರಸಂಗವೇ ಸರಿ. ನನಗೆ ಕಲಿಸಿದವಳು ನೀನು. ಕ್ಲಚ್ ಒತ್ತದಿದ್ದರೂ ಸ್ಟಾರ್ಟ್ ಆಗಬೇಕಲ್ಲ, ಹಾಗಾಗಿ ಕ್ಲಚ್ಚಿನ ಸ್ವಿಚ್ಚನ್ನು ಸುಮ್ಮನಾಗಿಸಿದೆ. ಹಾಗೆ ಮಾಡಿದ ಮೇಲೆ ಕಾರು ಗೇರಿನಲ್ಲಿದೆಯೋ ಇಲ್ಲವೋ ಎಂದು ನೋಡುವವರು ಯಾರೂ ಇರುವುದಿಲ್ಲ; ಗೇರಿನಲ್ಲಿದ್ದರೆ ಸ್ಟಾರ್ಟ್ ಆದೊಡನೆ ಮುಂದಕ್ಕೆ ಹಾರುತ್ತದೆ. ರಿಮೋಟ್ ಸ್ಟಾರ್ಟರಿನ ಪೆಟ್ಟಿಗೆಗೆ ಅದು ತಿಳಿಯುವ ದಾರಿ ಒಂದೇ. ನ್ಯೂಟ್ರಲ್‌ನಲ್ಲಿ ನಿಲ್ಲಿಸಿ ಇಳಿದ ಮೇಲೆ ಯಾವ ಬಾಗಿಲೂ ತೆರೆಯದಿದ್ದರೆ ಗೇರು ಇದ್ದ ಹಾಗೇ ಇದೆ ಎಂದು ಅದು ನಂಬುತ್ತದೆ. ಬಾಗಿಲು ತೆರೆದರೆ ರಿಮೋಟಿಗೆ ಓಗೊಡುವುದಿಲ್ಲ. ಅದಕ್ಕೇ ಎಲ್ಲ ಬಾಗಿಲುಗಳ ವೈರನ್ನೂ ಅದಕ್ಕೆ ಜೋಡಿಸಬೇಕು.

ನಾನು ಎಡಬಾಗಿಲಿನದನ್ನು ಜೋಡಿಸಲಿಲ್ಲ. ಅದು ಬೇರೆ ದಾರಿಯಲ್ಲಿ ಹೋಗುತ್ತದೆ, ಹುಡುಕಬೇಕು. ಹೊತ್ತು ಮುಳುಗುತ್ತಿತ್ತು, ಮುಂದಿನ ವಾರ ನೋಡೋಣ ಎಂದುಕೊಂಡೆ.

ಇವತ್ತು ಹನ್ನೆರಡೂಕಾಲಿಗೆ ಅಪ್ಪ ಅಂಗಡಿಗೆ ಫೋನ್ ಮಾಡಿದರು. ಅವರ ದನಿಯಲ್ಲಿ ನನ್ನ ತಪ್ಪು ಹಿಡಿದ ಖುಷಿ ಇತ್ತು. ‘ಏನೋ ನಿನ್ನ ಅಲಾರಮ್ಮು? ಈಗಷ್ಟೇ ಬೇರೆ ಕೀ ಹಾಕಿ ಎಡಬಾಗಿಲು ತೆಗೆದೆ, ಕುಂಯ್ ಅನ್ನಲಿಲ್ಲ’ ಎಂದರು. ಬಾಗಿಲು ಯಾಕೆ ತೆಗೆದಿರಿ ಎಂದು ಕೇಳಿದೆ. ಗೇಟಿನ ಕಡೆಗೆ ನೆಲ ಇಳಿಜಾರಿದೆ, ಹ್ಯಾಂಡ್‌ಬ್ರೇಕ್ ನಂಬಿಕೊಂಡು ಕಾರು ನಿಲ್ಲಿಸುವವಳು ಅವಳು, ನಾನಂತೂ ಫಸ್ಟ್ ಗೇರಿಗೆ ಹಾಕಿ ಬಂದೆ, ನಲವತ್ತು ವರ್ಷದ ಅಭ್ಯಾಸ ಎಂದರು. ಗೇರು ತೆಗೆಯಿರಿ ಎನ್ನುವಷ್ಟರಲ್ಲಿ ಫೋನ್ ಇಟ್ಟಿದ್ದರು. ತಿರುಗಿ ಮಾಡಿದರೆ ಎತ್ತಲಿಲ್ಲ. ಫೋನನ್ನು ಮಹಡಿಯ ಮೇಲೆ ಬಿಟ್ಟು ಕೆಳಗೆ ಕುರ್ಚಿಗೆ ಬಂದು ಕೂತಿರುತ್ತಾರೆ ಎಂದು ಗೊತ್ತಾಯಿತು. ಕುರ್ಚಿ ಎಲ್ಲಿರುತ್ತದೆ ಎಂದು ನಿನಗೆ ಹೇಳಬೇಕಿಲ್ಲ. ಗೋಡೆಗೂ ಕಾರಿನ ಮುಂಭಾಗಕ್ಕೂ ನಡುವೆ, ನೆರಳಿನಲ್ಲಿ.

ನಿನಗೆ ಹನ್ನೊಂದು ಸಲ ಫೋನ್ ಮಾಡಿದೆ. ವಾರ್ಡಿನಲ್ಲಿರುವಾಗ ಫೋನ್ ಲಾಕರಿನಲ್ಲಿ ಎಂದು ಗೊತ್ತಿದ್ದರೂ ಮಾಡಿದೆ. ಪಾಳಿ ಮುಗಿಸಿ ಆಸ್ಪತ್ರೆಯ ವ್ಯಾನಿನಿಂದ ಒಂದು ಗಂಟೆಗೆ ಬೀದಿಯ ತಿರುವಿನಲ್ಲಿ ಇಳಿಯುತ್ತೀಯ. ನಿನ್ನೆ ಅಲ್ಲಿಂದಲೇ ರಿಮೋಟು ಒತ್ತಿ, ಅಪ್ಪನನ್ನು ಕೂರಿಸುವ ಹೊತ್ತಿಗೆ ಕಾರು ತಣ್ಣಗಾಗಿತ್ತು ಕಣೋ ಎಂದು ಮಗುವಿನ ಹಾಗೆ ಹೇಳಿದ್ದೆ. ಇವತ್ತೂ ಒತ್ತುತ್ತೀಯ. ಇಪ್ಪತ್ತೊಂದು ವರ್ಷ ಯಾವ ಕಾರನ್ನೂ ಒಬ್ಬರು ಮುಂದೆ ನಿಂತಿರುವಾಗ ಸ್ಟಾರ್ಟ್ ಮಾಡದವಳು, ಇವತ್ತು ಕಾಣದ ದೂರದಿಂದ ಮಾಡುತ್ತೀಯ.

ಬೈಕು ಹೇಗೆ ಓಡಿಸಿದೆನೋ ನೆನಪಿಲ್ಲ. ನಾನು ಬಂದಾಗ ಒಂದಕ್ಕೆ ಎಂಟು ನಿಮಿಷವಿತ್ತು. ಅಪ್ಪ ಕುರ್ಚಿಯಲ್ಲಿದ್ದರು. ಆ ಕಾಲನ್ನು, ಅದೇ ಕಾಲನ್ನು, ಬಂಪರಿನ ಮೇಲೆ ಎತ್ತಿಟ್ಟುಕೊಂಡಿದ್ದರು. ಏಳಿ ಅಪ್ಪ ಎಂದೆ. ಈಗಷ್ಟೇ ನೋವು ಇಳಿದಿದೆ, ಅವಳು ಬರಲಿ ಏಳುತ್ತೇನೆ ಎಂದರು.

ಅಕ್ಕ, ಇಲ್ಲಿ ನನ್ನನ್ನು ಎಷ್ಟು ಬೈದರೂ ಸರಿ. ಅವರನ್ನು ಎರಡೂ ಕೈಯಲ್ಲಿ ಎತ್ತಿ ಪಕ್ಕಕ್ಕೆ ಕೂರಿಸಬೇಕಿತ್ತು. ಎತ್ತಿದ್ದರೆ ಯಾಕೆ ಎನ್ನುತ್ತಿದ್ದರು. ಹೇಳಬೇಕಾಗುತ್ತಿತ್ತು. ಆ ಒಂದು ಮಾತಿಗೆ ಹೆದರಿ, ಕೀ ಎಲ್ಲಿ ಎಂದು ಕೇಳಿದೆ. ಮೇಲೆ ಅಂಗಿಯ ಜೇಬಿನಲ್ಲಿ ಎಂದರು. ಬಾಗಿಲ ಹಿಂದೆ ನಾಲ್ಕು ಅಂಗಿ ತೂಗುಹಾಕಿದ್ದವು. ಮೊದಲನೆಯದರಲ್ಲಿ ಕನ್ನಡಕ, ಎರಡನೆಯದರಲ್ಲಿ ಮಾತ್ರೆ, ಮೂರನೆಯದು ಖಾಲಿ. ಕಿಟಕಿಯಿಂದ ನೋಡಿದರೆ ತಿರುವಿನಲ್ಲಿ ವ್ಯಾನು ನಿಂತಿತ್ತು.  ಕೂಗಿದರೆ ನಿನಗೆ ಕೇಳುವ ದೂರವಲ್ಲ.

ನಾಲ್ಕನೆಯದರಲ್ಲಿ ಕೀ ಸಿಕ್ಕಿತು. ಮೆಟ್ಟಿಲು ಇಳಿದೆನೋ ಬಿದ್ದೆನೋ, ಎಡಬಾಗಿಲು ತೆಗೆದು ಸೀಟಿನ ಮೇಲೆ ಅಡ್ಡ ಬಿದ್ದು ಗೇರನ್ನು ನ್ಯೂಟ್ರಲ್‌ಗೆ ಎಳೆದೆ. ಲಿವರಿನಿಂದ ಕೈ ತೆಗೆದಿರಲಿಲ್ಲ, ಎಂಜಿನ್ ಗುರ್ ಎಂದು ತಾನೇ ಶುರುವಾಯಿತು. ಅಂಗೈಯ ಕೆಳಗೆ ಲಿವರು ನಡುಗಿತು. ಕಾರು ಕದಲಲಿಲ್ಲ. ಗಾಜಿನಾಚೆ ಅಪ್ಪನ ತಲೆ ಇದ್ದಲ್ಲೇ ಇತ್ತು. ‘ನೋಡು, ಅಕ್ಕ ಬಂದಳು’ ಎಂದರು. ನೀನು ಗೇಟು ತೆಗೆಯುವಷ್ಟರಲ್ಲಿ ಎಂಜಿನ್ ಆರಿಸಿ ಬಾನೆಟ್ ಎತ್ತಿ ನಿಂತಿದ್ದೆ, ನಿನಗೆ ಮುಖ ಕಾಣದಿರಲಿ ಎಂದು.

ಆ ದಿನದ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಇವತ್ತು ಎತ್ತುತ್ತೇನೆ. ಅಪ್ಪ ಕಾರಿನ ಮುಂದೆ ಗೋಡೆಗೆ ಬೆನ್ನು ಕೊಟ್ಟು ದೀಪ ಹಿಡಿದು ನಿಂತಿದ್ದರು. ನೀನು ಸ್ಟಿಯರಿಂಗ್ ಹಿಂದೆ ಕೂತಿದ್ದೆ, ಹದಿನೆಂಟು ವರ್ಷದವಳು. ಕೀ ತಿರುಗಿಸು ಎಂದರು, ತಿರುಗಿಸಿದೆ. ಕಾರು ಹಾರಿತು. ಮೊಣಕಾಲಿನ ಸದ್ದು ನನಗೆ ಈಗಲೂ ಕೇಳುತ್ತದೆ. ಗೇರು ನೋಡಬಾರದಾಗಿತ್ತೇನೇ ಎಂದು ಅಮ್ಮ ಅತ್ತಳು. ನೀನು ಮತ್ತೆ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ಟೆಸ್ಟ್ ಲ್ಯಾಂಪಿಲ್ಲದೆ ಬಣ್ಣ ನೋಡಿಯೇ ವೈರು ಹೇಳುತ್ತಿದ್ದವಳು ಆಸ್ಪತ್ರೆಗೆ ಸೇರಿ ಊರವರ ಕಾಲಿಗೆಲ್ಲ ಪಟ್ಟಿ ಕಟ್ಟಿದೆ. ಅಪ್ಪನ ವೈರಿಂಗ್ ಅಂಗಡಿ ನನ್ನದಾಯಿತು. ಹಳೆಯ ಕಾರು, ಗೇರು ತಾನಾಗಿ ಬಿದ್ದಿರಬಹುದು ಎಂದು ನಾನು ಆಗಾಗ ನಿನಗೆ ಸಮಾಧಾನ ಹೇಳಿದ್ದುಂಟು. ಇವತ್ತೂ ಅದನ್ನೇ ಬರೆಯೋಣವೆಂದು ಕೂತೆ.

ನಾನು ನಾಳೆ ಬೆಳಿಗ್ಗೆ ಬರುವ ತನಕ ಯಾರೂ ಬ್ಯಾಟರಿ ಮುಟ್ಟಬೇಡಿ. ಕುರ್ಚಿಯನ್ನು ಮೆಟ್ಟಿಲ ಪಕ್ಕಕ್ಕೆ ಹಾಕಿದ್ದೇನೆ. ಅಲ್ಲೂ ನೆರಳಿದೆ.

ನಿನ್ನ ತಮ್ಮ,
ಫ್ಯೂಜು

ವಿ.ಸೂ.: ಸಹಿ ಹಾಕಿದ ಮೇಲೆ ಬ್ಯಾಟರಿ ಮತ್ತೆ ಜೋಡಿಸಿ, ಎಡಬಾಗಿಲ ಕೆಳಗೆ ಮಂಡಿಯೂರಿ ಕೂತು ಆ ವೈರನ್ನು ಹುಡುಕಿದೆ. ಕಂದು ಬಣ್ಣ, ಬಿಳಿ ಗೆರೆ. ಬಾಗಿಲು ತೆಗೆದರೆ ದೀಪ ಹತ್ತಿತು, ಮುಚ್ಚಿದರೆ ಆರಿತು. ಜೋಡಿಸಿ, ಬ್ಯಾಟರಿ ಮತ್ತೆ ಬಿಚ್ಚಿದ್ದೇನೆ. ಹತ್ತು ನಿಮಿಷವೂ ಹಿಡಿಯಲಿಲ್ಲ. ಹೊತ್ತು ಮುಳುಗುತ್ತಿತ್ತು ಎಂದದ್ದು ನೆಪ. ಇಪ್ಪತ್ತೊಂದು ವರ್ಷದಲ್ಲಿ ಯಾವ ಕಾರಿನಲ್ಲೂ ನಾನು ಎಡಬದಿಯಲ್ಲಿ ಕೂತು ಕೆಲಸ ಮಾಡಿಲ್ಲ. ಆ ದಿನ ಗೇರಿನ ಆಚೆ ಬಿದ್ದಿದ್ದ ಕಟಿಂಗ್ ಪ್ಲೇಯರ್ ತೆಗೆಯಲು ಎಡಬಾಗಿಲಿನಿಂದ ಕೈ ಹಾಕಿದವನು ನಾನು. ನೀನು ಅಪ್ಪನ ಮುಖ ನೋಡುತ್ತಿದ್ದೆ. ಲಿವರು ಅಡ್ಡ ಬಂತು, ಮುಂದಕ್ಕೆ ನೂಕಿದೆ, ಹಾಗೇ ಬಿಟ್ಟೆ. ಹದಿನಾಲ್ಕು ವರ್ಷದವನು, ಹೆದರಿದೆ. ಆಮೇಲೆ ಹೆದರುವುದೇ ಅಭ್ಯಾಸವಾಯಿತು.

ಇವತ್ತು ಅಪ್ಪ ‘ನೋಡು, ಅಕ್ಕ ಬಂದಳು’ ಎಂದರು ಎಂದು ಬರೆದೆನಲ್ಲ, ಅದೂ ನಿಜವಲ್ಲ. ಗಾಜಿನಾಚೆಯಿಂದ ನನ್ನ ಕೈಯನ್ನೇ ನೋಡುತ್ತ ಅವರು ಅಂದದ್ದು ಇಷ್ಟು: ‘ಈ ಸಲ ಗೇರು ತೆಗೆದೆಯಲ್ಲ, ಬಿಡು.’ ಅವರಿಗೆ ಗೊತ್ತಿತ್ತು, ಅಕ್ಕ. ಯಾಕೆ ಹೇಳಲಿಲ್ಲ ಎಂದು ಅವರನ್ನೇ ಕೇಳು. ನನ್ನದನ್ನು ನಾನು ಹೇಳುತ್ತೇನೆ. ಆ ದಿನ ನೀನು ಗೇರು ನೋಡಿದ್ದೆ. ಎರಡು ಸಲ ಅಲ್ಲಾಡಿಸಿ ನೋಡಿದ್ದೆ. ನಾನು ಪಕ್ಕದಲ್ಲೇ ನಿಂತು ನೋಡಿದ್ದೇನೆ.