ಬಂಡೆಯ ಮೇಲೆ ಒಂಬತ್ತು ಹೋಲ್

ಜನವರಿ 19, ಭಾನುವಾರ. ಬೆಳಿಗ್ಗೆ 7.40

ಇವತ್ತೂ ಪ್ರಾಕ್ಟೀಸ್. ಟೆರೇಸಿನ ಮೇಲೆ ಧೀರು, ಕೈಯಲ್ಲಿ ಮ್ಯಾನೇಜರ್ ಸಾಹೇಬರ ಹತ್ತಿರ ಕೇಳಿ ತಂದ ಗಾಲ್ಫ್ ಕ್ಲಬ್, ಎದುರಿಗೆ ಅಡ್ಡ ಮಲಗಿಸಿದ ಬಕೆಟ್. ನಾನು ನೀರಿನ ಟಾಕಿಗೆ ಒರಗಿ ಚಹಾ ಕುಡಿಯುತ್ತಾ ಅಂಪೈರ್. ಗಾಲ್ಫಿಗೆ ಅಂಪೈರ್ ಇರ್ತಾರೋ ಇಲ್ಲವೋ ಗೊತ್ತಿಲ್ಲ. ಮದುವೆಯಾಗಿ ನಲವತ್ನಾಲ್ಕು ದಿನ. ಎಣಿಸ್ತಾ ಇದ್ದೀನಿ. ಸಿಲ್ಲಿ, ಗೊತ್ತು. ಎಲ್ಲರ ಮುಂದೆ ‘ರೀ’, ‘ನೀವು’. ಈ ಡೈರಿಯಲ್ಲಿ ಮಾತ್ರ ಧೀರು, ಧೀರು, ಧೀರು.

ಮೂರನೇ ಹೊಡೆತ ಗೋಡೆ ದಾಟಿ ಪಕ್ಕದ ಮನೆ ಅಂಗಳಕ್ಕೆ. ಬಂಡೆಮ್ಮ ಕಾಕಿ ಕೆಳಗಿಂದ, “ಧೀರೇಂದ್ರ, ನಮ್ಮ ಹಪ್ಪಳದ ಮ್ಯಾಲ ಬಿತ್ತಪಾ. ಇನ್ನೊಮ್ಮಿ ಬಂದ್ರ ಇದನ್ನೂ ಕರದು ತಿಂತೀವಿ ನೋಡು.”

“ಎಣ್ಣಿ ನಾ ತಂದು ಕೊಡ್ತೀನ್ರಿ ಕಾಕಿ.”

“ಈ ಖೂಬಾ ಪ್ಲಾಟ್ ಓಣ್ಯಾಗ ಕ್ರಿಕೆಟ್ ಸಾಕಾಗಿತ್ತು ನಮಗ. ಈಗ ಇದೊಂದು.”

ಇದಕ್ಕೆಲ್ಲ ಕಾರಣ ಅವನ ಆಫೀಸಿನವರ ಮದುವೆ ಗಿಫ್ಟ್. ಕೊಂಕಣದ ಒಂದು ರಿಸಾರ್ಟ್, ಫೆಬ್ರವರಿಯಲ್ಲಿ ಮೂರು ದಿನ. ಸಮುದ್ರಕ್ಕೆ ಚಾಚಿದ ಬಂಡೆಯ ತುದಿಯಲ್ಲಿ ಗಾಲ್ಫ್ ಕೋರ್ಸ್, ಒಂಬತ್ತು ಹೋಲ್. ಅವನು ಕಲಬುರಗಿ, ನಾನು ಕಮಲಾಪುರ. ಇಬ್ಬರೂ ಸಮುದ್ರವನ್ನೇ ನೋಡಿಲ್ಲ. ಫೋಟೊ ನೋಡಿ ನೋಡಿ ಫೋನಿನ ಚಾರ್ಜ್ ಮುಗೀತಾ ಇದೆ.

ಜನವರಿ 26

ನಾದಿನಿ ಮಂಜುಷಾ ಬಂದಿದ್ದರು, ಸೊಲ್ಲಾಪುರದಿಂದ. ಊಟಕ್ಕೆ ಕೂತಾಗ ಅತ್ತಿ ಹಳೇ ಕಥೆ ತೆಗೆದರು. ಮಂಜುಷಾ ಬಸುರಿಯಿದ್ದಾಗ ಅವರ ಗಂಡನಿಗೆ ಗೋವಾದಲ್ಲಿ ಕಾನ್ಫರೆನ್ಸ್. ಬಸುರಿಯ ಗಂಡ ಸಮುದ್ರ ಸ್ನಾನ ಮಾಡಬಾರದಂತೆ, ಕೂಸಿಗೆ ಆಗಿಬರೋದಿಲ್ಲವಂತೆ. “ಪಾಪ, ಅಳಿಯಂದೇರು ಮೂರು ದಿನಾ ರೂಮಿನ್ಯಾಗ ಕುಂತು ಟೀವಿ ನೋಡಿ ಬಂದ್ರು.”

ಧೀರು, “ಕಾಲರೇ ತೊಯಿಸಿಕೊಂಡಿರಬೇಕಲ?”

“ಉಗುರು ಸುದ್ದಾ ಇಲ್ಲ.”

ನಗು ತಡೆಯಲಾರದೆ ನನಗೆ ನೆತ್ತಿಗೆ ಹತ್ತಿತು. ಅತ್ತಿಯೇ ಬೆನ್ನು ತಟ್ಟಿದರು. ಅವರು ಇಂಥದ್ದಕ್ಕೆಲ್ಲ ಜಗಳ ಮಾಡುವವರಲ್ಲ. ದನಿ ಏರಿಸೋದೂ ಇಲ್ಲ. ಸುಮ್ಮನೆ ಟಿಕೆಟ್ ಕ್ಯಾನ್ಸಲ್ ಆಗಿರುತ್ತದೆ, ಅಷ್ಟೇ.

ಫೆಬ್ರವರಿ 3. ಬೆಳಿಗ್ಗೆ 11

ಎರಡು ಗೆರೆ.

ಮತ್ತೆ ನೋಡಿದೆ. ಎರಡೇ.

ಓಣಿಯ ಮೆಡಿಕಲ್‌ನವನಿಗೆ ನಮ್ಮ ಮನೆಯವರೆಲ್ಲ ಗೊತ್ತು. ಅದಕ್ಕೇ ನಿನ್ನೆ ಸೂಪರ್ ಮಾರ್ಕೆಟ್ ತನಕ ಆಟೊದಲ್ಲಿ ಹೋಗಿ ಕಿಟ್ ತಂದಿದ್ದೆ. ಮನೆಯಲ್ಲಿ ಯಾರೂ ಇಲ್ಲ. ಕನ್ನಡಿ ಮುಂದೆ ನಿಂತು ನಕ್ಕೆ, ಅತ್ತೆ, ಮತ್ತೆ ನಕ್ಕೆ. ಧೀರುಗೆ ಫೋನ್ ಮಾಡಲು ಹೆಸರು ಒತ್ತಿ... ಕಟ್ ಮಾಡಿದೆ.

ಅವನಿಗೆ ಹೇಳಿದರೆ ಸಂಜೆಗೆ ಅತ್ತಿಗೆ ಗೊತ್ತು. ಅಮ್ಮನ ಮುಂದೆ ಅವನ ಹೊಟ್ಟೆಯಲ್ಲಿ ಏನೂ ನಿಲ್ಲೋದಿಲ್ಲ. ನಾಡಿದ್ದು ಹೊರಡಬೇಕು. ಒಂದೇ ಒಂದು ವಾರ. ಬಂದ ಮೇಲೆ ಹೇಳ್ತೀನಿ. ಯಾವ ಕಾಲದ ಮಾತು ಇವೆಲ್ಲ. ನೆಟ್‌ನಲ್ಲಿ ಓದಿದೆ, ಪ್ರಯಾಣ ಮಾಡಬಹುದು. ಸಮುದ್ರಕ್ಕೂ ಇದಕ್ಕೂ ಏನೂ ಸಂಬಂಧ ಇಲ್ಲ.

ಫೆಬ್ರವರಿ 7. ಸಂಜೆ 6

ಬರೆಯೋಕೆ ಬರ್ತಿಲ್ಲ, ಅಷ್ಟು ಚಂದ ಇದೆ. ಕೆಂಪು ಕಲ್ಲಿನ ಬಂಡೆ, ಅದರ ಮೇಲೆ ಹಸಿರು ಹಾಸಿದಂತೆ ಕೋರ್ಸ್. ನಾಲ್ಕನೇ ಹೋಲಿನಲ್ಲಿ ನಡುವೆ ಬಂಡೆ ಸೀಳಿದೆ. ಈ ತುದಿಯಿಂದ ಆ ತುದಿಗೆ ಹೊಡೆಯಬೇಕು, ಕೆಳಗೆ ಸಮುದ್ರ ಗುದ್ದುತ್ತಿರುತ್ತದೆ. ಕ್ಲಬ್ ಹೊತ್ತು ಜೊತೆಗೆ ಬರುವ ನಮ್ಮ ಕ್ಯಾಡಿ ಒಬ್ಬ ಅಜ್ಜ, ಬರೀ ಮರಾಠಿ. ಧೀರು ಮನೆಯಲ್ಲಿ ಕಲಿತ ಮರಾಠಿ ಶುರು ಮಾಡಿದ ಕೂಡಲೇ ಅಜ್ಜ ಖುಷಿಯಾಗಿ, ಆಡಿಸೋದು ಬಿಟ್ಟು ತನ್ನ ಸೊಸೆಯ ಮೇಲೆ ಚಾಡಿ ಹೇಳಿದ. ಆರು ಚೆಂಡು ಸಮುದ್ರಕ್ಕೆ ಹೋದವು. ಏಳನೆಯದು ದಾಟಿತು. ಧೀರು ಕ್ಲಬ್ ಬಿಸಾಡಿ ಅಜ್ಜನನ್ನು ಅಪ್ಪಿಕೊಂಡ.

ಎಂಟನೇ ಹೋಲಿನ ಹತ್ತಿರ ಬೆಂಚ್. ಕೂತು ನೀರು ಕುಡಿದೆವು. ಹೇಳಿಬಿಡಲಾ? ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಿದ್ದೆ. “ಹಸಿವಾಯ್ತಾ?” ಅಂದ. ಹೂಂ ಅಂದೆ.

ಆಟ ಮುಗಿದ ಮೇಲೆ ಕೆಳಗಿನ ಮರಳಿಗೆ ಇಳಿದ. ಪ್ಯಾಂಟ್ ಮಡಚಿದ, ಮೊಣಕಾಲು, ಸೊಂಟ, ಆಮೇಲೆ ತಲೆಯೇ ಕಾಣಲಿಲ್ಲ. ಎದ್ದು ಕೂಗಿದೆ. “ಬರ್ರಿ ಹೊರಗ, ಸಾಕು.” ತೆರೆಯಿಂದ ತಲೆ ಎತ್ತಿ, “ಉಪ್ಪು ಅದ ಅಂಜನಾ, ಖರೇನ ಉಪ್ಪು ಅದ,” ಅಂದ. ಯಾರೋ ಸುಳ್ಳು ಹೇಳಿದ್ದರೇನೋ ಅನ್ನುವಂತೆ.

ನನ್ನ ಜೀವನದ ಬೆಸ್ಟ್ ದಿನ. ಬೆಸ್ಟ್, ಬೆಸ್ಟ್.

ಫೆಬ್ರವರಿ 10

ಹೇಳಿದೆ. ಇವತ್ತೇ ಬೆಳಿಗ್ಗೆ ಟೆಸ್ಟ್ ಮಾಡಿದ ಹಾಗೆ. ಧೀರು ಬಾಗಿಲಿಗೆ ಆತು ನಿಂತುಬಿಟ್ಟ, ಒಂದು ಕಾಲಲ್ಲಿ ಮಾತ್ರ ಸಾಕ್ಸ್. ಆಫೀಸಿಗೆ ಹೋಗಲಿಲ್ಲ.

ಅತ್ತಿ ಸಕ್ಕರೆ ಬಾಯಿಗಿಟ್ಟರು. ಕಣ್ಣು ಒರೆಸಿಕೊಂಡರು. ಆಮೇಲೆ ಮೆಲ್ಲಗೆ, “ಅಲ್ಲಿ ಹೋದಾಗ ನಿನಗ ಗೊತ್ತಿರಲಿಲ್ಲ, ಹೌದಲ್ಲವಾ?”

“ಇಲ್ರಿ ಅತ್ತಿ.”

ಎಷ್ಟು ಸಲೀಸಾಗಿ ಬಂತು.

ಮಾರ್ಚ್ 4

ಹೋಯ್ತು. ಶನಿವಾರ ಮಧ್ಯಾಹ್ನ.

ಡಾಕ್ಟರ್ ಮೇಡಂ ಒಳ್ಳೆಯವರು. ಇಂಗ್ಲಿಷಿನಲ್ಲಿ ಹೇಳಿದರು, ಕನ್ನಡದಲ್ಲೂ ಹೇಳಿದರು. ಯಾರ ತಪ್ಪೂ ಅಲ್ಲ, ಎಷ್ಟೋ ಜನರಿಗೆ ಹೀಗೇ ಆಗುತ್ತದೆ. ನಂಬ್ತೀನಿ. ಬಯಾಲಜಿ ಓದಿದ್ದೀನಿ ನಾನು.

ಅತ್ತಿ ತಲೆ ಸವರುತ್ತಾ ಪಕ್ಕದಲ್ಲೇ ಕೂತಿದ್ದರು. “ನಿಮಗೇನು ಗೊತ್ತಿತ್ತವಾ. ಗೊತ್ತಿಲ್ಲದನ ಅವಾ ನೀರಿಗೆ ಇಳದ. ದೇವರು ಅದನ್ನ ಮನಸಿನ್ಯಾಗ ಇಟ್ಕೊಳ್ಳೂದಿಲ್ಲ.”

ಬೈದಿದ್ದರೆ ಜಗಳ ಮಾಡಬಹುದಿತ್ತು. ಅವರು ಕ್ಷಮಿಸಿದರು. ಅದೂ ಗೊತ್ತಿಲ್ಲದವರನ್ನ.

ಮಾರ್ಚ್ 10. ಏಕಾದಶಿ

ಧೀರು ನೀರೂ ಕುಡಿದಿಲ್ಲ. ಏಕಾದಶಿ ದಿನ ಆಫೀಸ್ ಕ್ಯಾಂಟೀನಿನಲ್ಲಿ ಮಸಾಲೆ ದೋಸೆ ತಿಂದು ಅಮ್ಮನಿಗೆ ಹೇಳದೆ ಇರುತ್ತಿದ್ದವನು. ಬೆಳಿಗ್ಗೆ ಐದಕ್ಕೇ ಮಠಕ್ಕೆ ಹೋಗಿದ್ದ. ಗಾಲ್ಫ್ ಕ್ಲಬ್ ವಾಪಸ್ ಕೊಟ್ಟುಬಂದಿದ್ದಾನೆ.

“ಇವೆಲ್ಲ ನೀವು ನಂಬೂದಿಲ್ಲಲ್ಲ,” ಅಂದೆ.

“ನಂಬೂದಿಲ್ಲ.”

“ಮತ್ತ? ನಿಮಗ ಗೊತ್ತೇ ಇರಲಿಲ್ಲ.”

“ಗೊತ್ತಿರಲಿಲ್ಲ, ಖರೆ. ಇಳದಿದ್ದೂ ಖರೆ.”

ತುಟಿ ಒಣಗಿ ಸಿಪ್ಪೆ ಎದ್ದಿದೆ. ನಾನು ಅಡುಗೆಮನೆಗೆ ಹೋಗಿ ಒಂದು ಲೋಟ ನೀರು ಕುಡಿದೆ. ಇನ್ನೊಂದು ಕುಡಿದೆ. ನನಗೆ ಗೊತ್ತಿತ್ತು ಅಂತ ಹೇಳಿದರೆ ಅವನ ಉಪವಾಸ ನಿಲ್ಲುತ್ತದೆ. ಆಮೇಲೆ ನನ್ನನ್ನು ಹೇಗೆ ನೋಡ್ತಾನೆ? ಮೂರು ತಿಂಗಳ ಮದುವೆ. ಇಷ್ಟು ದೊಡ್ಡದನ್ನ ತಡೆಯುತ್ತಾ ಅದು?

ಮಾರ್ಚ್ 17. ಕಮಲಾಪುರ

ತವರಿಗೆ ಬಂದು ಮೂರು ದಿನ. ನಮ್ಮಪ್ಪ, ಬಾಬಾ, ಹೊಲದಿಂದ ಕೆಂಪು ಬಾಳೆ ಗೊನೆ ತಂದು ಪಡಸಾಲೆಯಲ್ಲಿ ಕಟ್ಟಿದ್ದಾರೆ. ಸಕ್ಕೂಬಾಯಿ ಅಜ್ಜಿ ಗಂಟೆಗೊಂದು ಸುಲಿದು ಕೈಗೆ ಕೊಡುತ್ತಾಳೆ, ತಿನ್ನುವವರೆಗೂ ಎದುರಿಂದ ಏಳೋದಿಲ್ಲ.

“ಎರಡು ಹೋದಾವ ನಂದೂ,” ಅಂದಳು ಇವತ್ತು, ಸಿಪ್ಪೆ ಮಡಚುತ್ತಾ. “ಒಂದು ನಿಮ್ಮಜ್ಜಗ ಗೊತ್ತೇ ಆಗಲಿಲ್ಲ.”

“ಯಾಕ ಹೇಳಲಿಲ್ಲ ಅಜ್ಜಿ?”

“ಸಿಟ್ಟಿನ ಮನಶ್ಯಾ. ಅಂಜಿದೆ.” ಗೊನೆಯಿಂದ ಇನ್ನೊಂದು ಹಣ್ಣು ಕೀಳುತ್ತಾ, “ಹೇಳಬೇಕಾಗಿತ್ತು. ಒಬ್ಬಾಕೀನೇ ಕುಂತು ಅತ್ತೆ ನೋಡು. ಭಾಳ ಅತ್ತೆ.”

ಭಾನುವಾರ ಬರ್ತಾನಂತೆ ಧೀರು.

ಮಾರ್ಚ್ 23, ಭಾನುವಾರ. ಮಧ್ಯಾಹ್ನ 12.30

ಹೇಳಿದೆ.

ಹೊಲದ ಬದುವಿನ ಮೇಲೆ ಕೂತಿದ್ದೆವು. ಎಲ್ಲ ಹೇಳಿದೆ. ಸೂಪರ್ ಮಾರ್ಕೆಟ್, ಕಿಟ್, ಫೋನ್ ಕಟ್ ಮಾಡಿದ್ದು, ಅತ್ತಿಗೆ ಹೇಳಿದ ಸುಳ್ಳು. ಅವನ ಮುಖ ನೋಡಲಿಲ್ಲ, ಅವನ ಚಪ್ಪಲಿಗೆ ಹತ್ತಿದ ಕೆಮ್ಮಣ್ಣು ನೋಡುತ್ತಾ ಹೇಳಿದೆ.

“ಮೂರನೇ ತಾರೀಖಿಗೇ ಗೊತ್ತಿತ್ತಾ?”

“ಹೂಂ.”

ಸಮುದ್ರದ ಮಾತು ಬರುತ್ತದೆ ಅಂತ ಕಾದೆ. ಅವನಮ್ಮನ ಮಾತು ಬರುತ್ತದೆ ಅಂತ ಕಾದೆ. ಬೆರಳು ಮಡಚುತ್ತಾ ಏನೋ ಎಣಿಸುತ್ತಿದ್ದ.

“ನಿನಗ ಇಪ್ಪತ್ತಾರು ದಿನ ಸಿಕ್ಕಿತು,” ಅಂದ. “ನನಗ ಹತ್ತೊಂಬತ್ತು.”

ಕೂಸಿನ ದಿನ ಎಣಿಸಿದ್ದ ಅಂತ ನನಗೆ ತಕ್ಷಣ ತಿಳಿಯಲಿಲ್ಲ.

“ಆ ಬಂಡೆ ಮ್ಯಾಲ ನಾ ಅಪ್ಪ ಆಗಿದ್ದೆ, ಅಂಜನಾ. ಇಡೀ ದಿನ. ಆಡಿದೆ, ನಕ್ಕೆ, ನೀರಿಗೆ ಇಳದೆ. ಅಪ್ಪ ಆಗಿದ್ದೆ, ನನಗ ಗೊತ್ತಿರಲಿಲ್ಲ.”

ಆಗ ಅತ್ತ. ಆಸ್ಪತ್ರೆಯಲ್ಲಿ ಅತ್ತಿರಲಿಲ್ಲ, ಮನೆಯಲ್ಲಿ ಅತ್ತಿರಲಿಲ್ಲ. ಬಾಬಾ ದೂರದಿಂದ ನೋಡಿ ಹಿಂದೆ ತಿರುಗಿ ಹೋದರು. ಮುಟ್ಟಲಾ ಬೇಡವಾ ಗೊತ್ತಾಗದೆ ಅವನ ಶರ್ಟಿನ ತುದಿ ಹಿಡಿದು ಕೂತೆ. ಬಿಡಿಸಿಕೊಳ್ಳಲಿಲ್ಲ. ನನ್ನ ಕಡೆ ತಿರುಗಲೂ ಇಲ್ಲ.

ಏಳುವಾಗ ಹೇಳಿದ, “ಆ ದಿನದ್ದು ನನಗ ಹೇಳು. ಮೊದಲನೇ ಹೋಲಿನಿಂದ. ಎಲ್ಲಾ. ಈ ಸಲ ಗೊತ್ತಿದ್ದು ಆಡ್ತೀನಿ.”

ಸಂಜಿಗಿ ಹೇಳ್ತೀನ್ರಿ ಅಂದೆ.

ಮಧ್ಯಾಹ್ನ 3.50

ಅಜ್ಜಿ ಅವನನ್ನ ಕೂರಿಸಿ ಉಣ್ಣಿಸಿದಳು. ಬಹಳ ಉಣ್ಣಲಿಲ್ಲ. ಪಡಸಾಲೆಯಲ್ಲಿ ಗೋಡೆ ಕಡೆ ಮುಖ ಮಾಡಿ ಮಲಗಿದ್ದಾನೆ. ನಿದ್ದೆ ಹತ್ತಿಲ್ಲ, ಉಸಿರಿನಿಂದ ಗೊತ್ತಾಗುತ್ತದೆ. ಐದಕ್ಕೆ ಎದ್ದು ಕೇಳುತ್ತಾನೆ. ಅಷ್ಟರೊಳಗೆ ಇಲ್ಲಿ ಬರೆದು ನೋಡ್ತೀನಿ, ಬಾಯಿಗೆ ಬರಲಿ ಅಂತ.

ಮೊದಲನೇ ಹೋಲ್. ಬೆಳಿಗ್ಗೆ ಎಂಟೂವರೆ. ಗಾಳಿ ಎದುರಿನಿಂದ. ನೀವು ಟೋಪಿ ಹಿಂದುಮುಂದು ಹಾಕಿಕೊಂಡು ಚೆಂಡು ಇಟ್ಟಿರಿ. ‘ದೂರ ನಿಲ್ಲು, ಬಡದೀತು’ ಅಂದಿರಿ. ನಾನು ಹಿಂದೆ ಸರಿದೆ. ಅಲ್ಲ. ನಾನೂ ಕೂಸೂ, ಇಬ್ಬರೂ ಹಿಂದೆ ಸರಿದೆವು. ಹೊಡೆಯುವ ಮೊದಲು ನೀವು ತಿರುಗಿ ಕೈ ಬೀಸಿದಿರಿ, ನಮಗೆ...