ರತ್ನಳ ಮೂವತ್ತೊಂದು, ರೂಪಳ ಎಂಬತ್ತನಾಲ್ಕು

ಜಯಕ್ಕ,

ಕ್ಷೇಮವೇ ಎಂದು ಕೇಳಿ ಕಾಗದ ಶುರು ಮಾಡುವುದು ರೂಢಿ. ನಿನ್ನನ್ನು ಹಾಗೆ ಹೇಗೆ ಕೇಳಲಿ? ನನ್ನ ಕ್ಷೇಮವನ್ನೇ ಹೇಳುತ್ತೇನೆ. ಮೈಗೇನೂ ಆಗಿಲ್ಲ, ಮಾತಾಡಲು ಜನವಿಲ್ಲ, ಅಷ್ಟೇ. ಡೈರಿಯ ಮುಂದೆ ಹಾಲಿನ ಕ್ಯಾನು ಹಿಡಿದು ನಿಂತಾಗ ಈಗಲೂ ಒಂದೊಂದು ದಿನ ಪಕ್ಕಕ್ಕೆ ತಿರುಗಿ ಬಾಯಿ ತೆರೆಯುತ್ತೇನೆ. ಅಲ್ಲಿ ಇನ್ಯಾರೋ ಇರುತ್ತಾರೆ. ತೆರೆದ ಬಾಯಿಗೆ ಏನಾದರೂ ಹೇಳಬೇಕಲ್ಲ, "ಇವತ್ತು ಬಿಸ್ಲು ಜಾಸ್ತಿ" ಅಂತ ಹೇಳಿ ಮುಂದೆ ಸರಿಯುತ್ತೇನೆ. ನೀನು ಕಾಮಾಲೆಯಲ್ಲಿ ಹೋಗಿ ಎರಡು ವರ್ಷವಾಯಿತು. ಈ ಬೇಸಿಗೆಯಲ್ಲಿ ನೀನಿಲ್ಲದ್ದು ತಿಳಿದಷ್ಟು ಹಿಂದೆ ಎಂದೂ ತಿಳಿದಿರಲಿಲ್ಲ.

ಹೊಣಕೆರೆ ಕಡೆಯಿಂದ ನಾವಿಬ್ಬರೂ ಈ ಊರಿಗೆ ಸೊಸೆಯರಾಗಿ ಬಂದದ್ದು ನೆನಪಿದೆಯಾ? ಮೊದಲು ನೀನು, ಮರುವರ್ಷ ನಾನು. ಮಳೆ ನಂಬಿ ರಾಗಿ ಬಿತ್ತುವ ಊರಿನವರು ಪಾಲಹಳ್ಳಿ ಪಕ್ಕದ ಈ ನಾಲೆ ನೀರಿನ ಸೀಮೆಗೆ ಬಂದಿದ್ದೆವು. ಮೊದಲ ನಾಟಿಯಲ್ಲಿ ನಾನು ಕೆಸರಿಗೆ ಜಾರಿ ಬಿದ್ದಾಗ ನಮ್ಮತ್ತೆಯೂ ಸೇರಿ ಎಲ್ಲರೂ ನಕ್ಕರು. ನೀನು ಬಂದು ರಟ್ಟೆ ಹಿಡಿದು ಎತ್ತಿದೆ. "ವಾದ್ ವರ್ಸ ನಾನೂ ಇಂಗೇ ಬಿದ್ದಿದ್ದೆ ಕಣೇ, ಏಳು ಮೇಲೆ" ಅಂದೆ. ನೀನು ಬಿದ್ದಿದ್ದೆಯೋ ಇಲ್ಲವೋ, ನಾನು ಕೇಳಲೇ ಇಲ್ಲ. ಆಮೇಲೆ ಒಂದೇ ವರ್ಷ ನಿನಗೆ ರತ್ನ, ನನಗೆ ರೂಪ.

ಇಬ್ಬರನ್ನೂ ಒಂದೇ ದಿನ ಸ್ಕೂಲಿಗೆ ಸೇರಿಸಿದೆವು. ಹಾಜರಿ ಕೂಗುವಾಗ ರತ್ನ ಆದ ಮೇಲೆ ರೂಪ, ಒಂದನೇ ಕ್ಲಾಸಿನಿಂದ ಹತ್ತರವರೆಗೂ ಹಾಗೇ. ನಿನ್ನ ಮಗಳಿಗೆ ಲೆಕ್ಕವೆಂದರೆ ಆಟ. ನನ್ನವಳಿಗೆ ಅದೇ ಲೆಕ್ಕವೆಂದರೆ ಜ್ವರ. ನೀನು ಹೋದ ಮೇಲೆ ರತ್ನ ಸಂಜೆ ಹೊತ್ತು ನಮ್ಮ ಜಗುಲಿಗೇ ಬರುತ್ತಿದ್ದಳು. ಇಬ್ಬರೂ ಒಂದೇ ಪುಸ್ತಕಕ್ಕೆ ತಲೆ ಹಾಕಿ ಕೂರುತ್ತಿದ್ದರು. ರತ್ನ ಹೇಳುವುದು, ರೂಪ ತಲೆಯಾಡಿಸುವುದು. ನಾನು ಒಳಗೆ ಮುದ್ದೆ ಕಟ್ಟುತ್ತಾ, ಪಾಪ, ಇವಳಿಗಾಗಿ ಅವಳ ಹೊತ್ತು ಹಾಳಾಗುತ್ತಿದೆಯಲ್ಲ ಅಂದುಕೊಳ್ಳುತ್ತಿದ್ದೆ.

ಎಸ್‌ಎಸ್‌ಎಲ್‌ಸಿ ರಿಸಲ್ಟು ಬಂದ ದಿನ ಹೈಸ್ಕೂಲಿನ ಅಂಗಳದಲ್ಲಿ ಜಾತ್ರೆಯಷ್ಟು ಜನ. ಹೆಡ್‌ಮಾಸ್ಟರು ವರಾಂಡದಲ್ಲಿ ನಿಂತು ಒಬ್ಬೊಬ್ಬರದೇ ಓದಿದರು. ರತ್ನಳ ಹೆಸರು ಬಂದಾಗ ಒಂದು ಗಳಿಗೆ ನಿಲ್ಲಿಸಿ, ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಕನ್ನಡದಲ್ಲಿ, ವಿಜ್ಞಾನದಲ್ಲಿ, ಸಮಾಜದಲ್ಲಿ ಎಲ್ಲದರಲ್ಲೂ ಒಳ್ಳೆಯ ನಂಬರು. ಗಣಿತದಲ್ಲಿ ಮೂವತ್ತೊಂದು. ಫೇಲು. ಅದರ ಹಿಂದೆಯೇ ರೂಪ. ಗಣಿತದಲ್ಲಿ ಎಂಬತ್ತನಾಲ್ಕು.

ಅಂಗಳದಲ್ಲಿ ಗುಸುಗುಸು ಎದ್ದಿತು. ಆಮೇಲೆ ಹಿಂದಿನಿಂದ ಯಾರೋ ಗಂಡಸು ಹೇಳಿದ್ದು ಎಲ್ಲರಿಗೂ ಕೇಳಿಸಿತು. "ನಂಬ್ರ ಅದ್ಲುಬದ್ಲಾಗವೆ, ಬುಡು." ರತ್ನ ಅಳಲಿಲ್ಲ. ರೂಪಳ ಕೈ ಹಿಡಿದುಕೊಂಡು ಗೇಟು ದಾಟಿ ಹೋದಳು. ಯಾರು ಯಾರನ್ನು ಹಿಡಿದುಕೊಂಡಿದ್ದರೋ, ನನಗೆ ಕಾಣುವಷ್ಟು ದೂರವೂ ಕೈ ಬಿಡಲಿಲ್ಲ.

ನಿನ್ನ ಗಂಡ ನಿಂಗಣ್ಣನ ಮನೆಗೆ ಅವತ್ತೇ ಹೋದೆ. ಅವನು ಕಬ್ಬಿನ ಗದ್ದೆಯಿಂದ ಬಂದು ಕೈಕಾಲು ತೊಳೆಯುತ್ತಿದ್ದ. ಅವನ ತಂಗಿ, ಹೇಮಗಿರಿ ಕಡೆಗೆ ಕೊಟ್ಟಿರುವವಳು, ರತ್ನಳಿಗೆ ಅಲ್ಲಿಯದೇ ಒಂದು ಗಂಡು ಹೇಳಿದ್ದಳು, ಆ ಮಾತು ಆಗಲೇ ಗಟ್ಟಿಯಾಗಿತ್ತು. "ಪಾಸಾಗಿದ್ರೆ ಓದುಸ್ತಿದ್ದೆ ಕಣವ್ವ ಸರೋಜಾ" ಅಂದ. "ಜಯಾ ಇದ್ದಿದ್ರೆ ಅದ್ರ ಮಾತೇ ಬ್ಯಾರೆ. ಫೇಲಾದ ಮಗೀನ ಮನೇಲಿ ಮಡಿಕಂಡು, ತಾಯಿಲ್ದೆ, ನಾನೇನ್ ಮಾಡ್ಲಿ? ನೀನೇ ಯೋಳು." ಅವನ ಮೇಲೆ ಸಿಟ್ಟು ಮಾಡಿಕೊಳ್ಳೋಣವೆಂದು ಹೋದವಳು, ಮಾಡಿಕೊಳ್ಳಲಾಗದೆ ಬಂದೆ.

ಹೆಡ್‌ಮಾಸ್ಟರ ಹತ್ತಿರ ಮಾರನೆಯ ದಿನ ಹೋದಾಗ ರೂಪಳೂ ಜೊತೆಗೆ ಬಂದಳು. ಅಂಕಗಳ ಮರು ಎಣಿಕೆಗೆ ಅರ್ಜಿ ಹಾಕಬಹುದು ಎಂದು ಅವರು ಹೇಳಿದರು. "ಪೇಪರನ್ನು ಮತ್ತೆ ತಿದ್ದುವುದಿಲ್ಲಮ್ಮ. ಕೂಡಿಸಿದ್ದು ಸರಿಯಾ, ಯಾವುದಾದರೂ ಉತ್ತರ ನೋಡದೆ ಬಿಟ್ಟಿದ್ದಾರಾ, ನಂಬರು ಸರಿಯಾಗಿ ಬರೆದುಕೊಂಡಿದ್ದಾರಾ, ಇಷ್ಟೇ ನೋಡೋದು. ಅರ್ಜಿಗೆ ಇನ್ನು ಕೆಲವೇ ದಿನ ಇದೆ. ತಂದೆಯ ಸಹಿ ಬೇಕು." ನಾನು ಕೇಳಿದೆ, "ಸಾರ್, ಇವೆರಡು ಅಕ್ಕಪಕ್ಕದ ನಂಬ್ರ ಅಲ್ವಾ? ಇವಳ್ದು ಅವಳಿಗೆ, ಅವಳ್ದು ಇವಳಿಗೆ ಬರ್ದಿರಬೋದಾ?" ಅವರು ಉತ್ತರ ಹೇಳುವ ಮೊದಲು ನನ್ನ ಬೆನ್ನ ಹಿಂದೆ ನೋಡಿದರು. ತಿರುಗಿದರೆ ರೂಪ ಅಲ್ಲಿರಲಿಲ್ಲ. ಆಗಲೇ ಮೈದಾನದ ಆಚೆ ಒಬ್ಬಳೇ ನಡೆದು ಹೋಗುತ್ತಿದ್ದಳು.

ಮನೆಯಲ್ಲಿ ನಮ್ಮ ಯಜಮಾನರಿಗೆ ಈ ಮಾತು ಅಷ್ಟರಲ್ಲೇ ಮುಟ್ಟಿತ್ತು. ಅವರು ಕೂಗಾಡುವವರಲ್ಲ, ನಿನಗೆ ಗೊತ್ತು. ಅವತ್ತು ಕೂಗಾಡಿದರು. "ನಿಂಗೇನ್ ತಲೆ ಕೆಟ್ಟದಾ? ಅವಳ್ದ ಎತ್ತಕ್ಕೋಗಿ ನಮ್ ಮಗೀನ ಬೀಳುಸ್ತೀಯಾ? ದೇವ್ರು ಕೊಟ್ಟವ್ನೆ, ಸುಮ್ಕೆ ಇಸ್ಕಂಡು ಕೂತ್ಕೊ." "ದೇವ್ರು ಒಬ್ರುದು ಕಿತ್ತು ಇನ್ನೊಬ್ರಿಗೆ ಕೊಟ್ಟಿದ್ರೆ?" ಅಂದೆ. "ಅದ ಕೇಳಕೆ ನೀನ್ಯಾರು? ನಿಂಗಣ್ಣ ಅವ್ನೆ, ಅವ್ನ್ ಮಗಳು. ಅವ್ನೇ ಸುಮ್ಕವ್ನೆ." ನಿಜ, ನಾನು ಯಾರು? ರತ್ನಳನ್ನು ಹೆತ್ತವಳಲ್ಲ, ನೆಂಟಳೂ ಅಲ್ಲ. ರೂಪಳನ್ನು ಹೆತ್ತವಳು. ಹೆತ್ತ ಹೊಟ್ಟೆ ಒಂದು ಹೇಳುತ್ತಿತ್ತು, ನಿನ್ನ ಮುಖ ಇನ್ನೊಂದು ಹೇಳುತ್ತಿತ್ತು. ನೀನಿದ್ದಿದ್ದರೆ ನಾನು ಈ ಯೋಚನೆಯನ್ನೇ ಮಾಡಬೇಕಿರಲಿಲ್ಲ. ನೀನೇ ಸೆರಗು ಸಿಕ್ಕಿಸಿಕೊಂಡು ಹೆಡ್‌ಮಾಸ್ಟರ ಮುಂದೆ ನಿಂತಿರುತ್ತಿದ್ದೆ. ಆಗ ನಾನು ನಿನ್ನ ಜೊತೆ ನಿಲ್ಲುತ್ತಿದ್ದೆನಾ, ಅಥವಾ...

ರತ್ನಳನ್ನು ನಾಲೆ ಏರಿಯ ಮೇಲೆ ಕಂಡೆ. ಬಟ್ಟೆ ಒಗೆದು ಬರುತ್ತಿದ್ದಳು. "ಅರ್ಜಿ ಹಾಕೋಣ ಮಗ" ಅಂದೆ. ಬಕೆಟ್ಟು ಕೆಳಗಿಟ್ಟಳು. "ಬ್ಯಾಡ ಚಿಕ್ಕವ್ವ. ರೂಪಂಗೇನಾರ ಆದ್ರೆ? ನಂಗೆ ಇರೋದು ಅವಳೊಬ್ಳೇ." "ನೀನು ಚೆನ್ನಾಗಿ ಬರ್ದಿದ್ದೆ ತಾನೆ?" ಎಂದು ಕೇಳಿದೆ. "ಬರ್ದಿದ್ದೆ. ರೂಪಾನೂ ಬರ್ದಿದ್ಲು" ಅಂದಳು. ನಾನು ಮೊದಲನೆಯ ಮಾತನ್ನಷ್ಟೇ ಕೇಳಿಸಿಕೊಂಡೆ. ಎರಡನೆಯದು ಗೆಳತಿಯ ಮೇಲಿನ ಪ್ರೀತಿ ಅಂದುಕೊಂಡೆ.

ಅರ್ಜಿಗೆ ಕಡೆಯ ದಿನ ಹತ್ತಿರವಾದಾಗ ನಾನು ಹಿತ್ತಿಲಲ್ಲಿ ಹಸುವಿಗೆ ಹುಲ್ಲು ಹಾಕುತ್ತಿದ್ದೆ. ರೂಪ ಬಂದು ಬಾಗಿಲಿಗೆ ಒರಗಿ ನಿಂತಳು. ಆ ದಿನಗಳಲ್ಲಿ ಅವಳಾಗಿ ನನ್ನ ಹತ್ತಿರ ಬಂದದ್ದು ಅದೇ ಮೊದಲು. "ಅರ್ಜಿ ಯಾಕ್ ಹಾಕುಸ್ಲಿಲ್ಲ?" ಎಂದಳು. "ನಿಮ್ಮಪ್ಪ..." ಅಂದೆ.

"ಅಪ್ಪನ್ ಮಾತ್ ಬುಡು. ನೀನ್ ಯಾಕ್ ಹಾಕುಸ್ಲಿಲ್ಲ?"

"ನಿಂದೇನಾರ ಕಮ್ಮಿಯಾಗೋದ್ರೆ ಅಂತ ಕಣ್ ಮಗ..."

"ನಂದು ನಂದೇ ಕಣವ್ವ. ನಾನೇ ಬರ್ದಿದ್ದು. ವರ್ಸೆಲ್ಲಾ ರತ್ನ ಯೋಳ್ಕೊಟ್ಲು, ನಾನು ಕಲ್ತೆ. ಊರೋರು ಏನಾರ ಅಂದ್ಕಳ್ಳಿ. ನಿಂಗೂ ನಾನ್ ತಗಂಡಿರ್ಬೋದು ಅಂತ ಒಂದ್ ದಪ ಅನ್ನುಸ್ಲೇ ಇಲ್ವಾ?"

ಹುಲ್ಲಿನ ಕಂತೆ ಕೈಯಲ್ಲೇ ಉಳಿಯಿತು, ಜಯಕ್ಕ. ಅನ್ನಿಸಿರಲಿಲ್ಲ. ಒಂದು ಸಲವೂ ಅನ್ನಿಸಿರಲಿಲ್ಲ. ಅನ್ನಿಸಿತ್ತು ಎಂದು ಸುಳ್ಳು ಹೇಳಲೂ ಬಾಯಿ ಬರಲಿಲ್ಲ. "ನಾಳೆ ಹಾಕ್ಸು" ಎಂದು ಹೇಳಿ ಒಳಗೆ ಹೋದಳು. ಅವಳ ಮಾತನ್ನು ಆಗಲೂ ನಾನು ಪೂರ್ತಿ ನಂಬಲಿಲ್ಲ, ಅದನ್ನೂ ನಿನಗೇ ಹೇಳಬೇಕು. ಆದರೆ ಇಷ್ಟು ಧೈರ್ಯ ಅವಳಿಗಿರುವಾಗ ನಾನು ಇನ್ಯಾರ ಹೆಸರು ಹೇಳಿ ಹಿಂಜರಿಯಲಿ?

ನಿಂಗಣ್ಣ ಸಹಿ ಹಾಕಲು ಮೊದಲು ಒಪ್ಪಲಿಲ್ಲ. "ಗಂಡಿನೋರು ಬತ್ತಾವ್ರೆ, ಈಗ ಇದೆಲ್ಲಾ ಯಾಕೆ?" ಅಂದ. ಅವನ ಹೊಸಿಲಲ್ಲೇ ಕೂತೆ. "ನಿಂಗಣ್ಣ, ಉತ್ರ ಬರೋಗಂಟ ತಡೀರಿ. ಫೇಲು ಅಂತ್ಲೇ ಬಂದ್ರೆ ನಾನೇ ಬಂದು ಮದ್ವೆಗೆ ಒಬ್ಬಟ್ಟು ತಟ್ತೀನಿ" ಅಂದೆ. ಅವನು ಬಹಳ ಹೊತ್ತು ಪೆನ್ನು ಹಿಡಿದುಕೊಂಡೇ ಕೂತಿದ್ದ. "ಜಯಾ ಇದ್ದಿದ್ರೆ ನನ್ನ ಇಷ್ಟೊತ್ತು ಕೂರಕ್ ಬುಡ್ತಿರ್ಲಿಲ್ಲ" ಎಂದು ತಾನೇ ಹೇಳಿಕೊಂಡು ಸಹಿ ಹಾಕಿದ. ಆಮೇಲೆ ನಾನು ಒಬ್ಬಳೇ ಶ್ರೀರಂಗಪಟ್ಟಣಕ್ಕೆ ಬಸ್ಸಿನಲ್ಲಿ ಹೋಗಿ ಬ್ಯಾಂಕಿನಲ್ಲಿ ಅರ್ಜಿ ಫೀಸಿನ ಡಿಡಿ ತೆಗೆಸಿ ಹೆಡ್‌ಮಾಸ್ಟರಿಗೆ ತಂದುಕೊಟ್ಟೆ. ಆ ದಾರಿಯಲ್ಲಿ ನಾವು ಯಾವತ್ತೂ ಜೋಡಿ ಸೀಟಿನಲ್ಲಿ ಕೂತು ಹೋದವರು. ಅವತ್ತು ಕಿಟಕಿ ಪಕ್ಕದ ಜಾಗ ನನಗೇ ಸಿಕ್ಕಿತು. ಹೊರಗೆ ನೋಡಲು ಮನಸ್ಸೇ ಬರಲಿಲ್ಲ.

ಉತ್ತರ ಬರುವವರೆಗಿನ ಆ ದಿನಗಳನ್ನು ಹೇಗೆ ಹೇಳಲಿ? ಮುಂಗಾರು ಶುರುವಾಯಿತು, ನಾಲೆಗೆ ನೀರು ಬಿಟ್ಟರು, ಎಲ್ಲರ ಮಕ್ಕಳೂ ಕಾಲೇಜಿಗೆ ಸೇರಿದರು. ರೂಪ ಸೇರಲಿಲ್ಲ. "ರತ್ನಂದು ಬರ್ಲಿ" ಎಂದು ಅವರಪ್ಪನಿಗೆ ಹೇಳಿದಳು, ನನಗಲ್ಲ. ಯಜಮಾನರು ಊಟಕ್ಕೆ ಕೂತರೆ ತಟ್ಟೆಯನ್ನೇ ನೋಡುತ್ತಿದ್ದರು. ಡೈರಿಯಲ್ಲಿ ಹೆಂಗಸರು ನಾನು ಬಂದರೆ ಮಾತು ನಿಲ್ಲಿಸುತ್ತಿದ್ದರು. ಒಬ್ಬಳಂತೂ ಮುಖಕ್ಕೇ ಹೇಳಿದಳು, "ಕಂಡೋರ್ ಮಗೀಗೋಸ್ಕರ ತನ್ ಮಗಳನ್ನ ಕಳ್ಳಿ ಮಾಡುದ್ಲು." ಮನೆ ತುಂಬಾ ಜನ, ಊರು ತುಂಬಾ ಜನ. ನಾನು ಮಾತ್ರ ಯಾರೂ ಇಲ್ಲದವಳ ಹಾಗೆ ಓಡಾಡಿದೆ. ಮರು ಎಣಿಕೆಯಲ್ಲಿ ರತ್ನ ಗೆದ್ದರೆ ರೂಪ ಸೋಲುತ್ತಾಳೆ, ರೂಪ ಉಳಿದರೆ ರತ್ನ ಹೋಗುತ್ತಾಳೆ. ನನ್ನ ತಲೆಯಲ್ಲಿ ಲೆಕ್ಕ ಇದ್ದದ್ದೇ ಹಾಗೆ. ಇಬ್ಬರಿಗೂ ಒಳ್ಳೆಯದಾಗಲಿ ಅಂತ ದೇವರನ್ನು ಕೇಳಿಕೊಳ್ಳುವುದೂ ನನಗೆ ಹೊಳೆಯಲಿಲ್ಲ ನೋಡು.

ಹೆಡ್‌ಮಾಸ್ಟರು ಒಂದು ಮಧ್ಯಾಹ್ನ ಜವಾನನನ್ನು ಕಳಿಸಿ ಎಲ್ಲರನ್ನೂ ಕರೆಸಿದರು. ನಿಂಗಣ್ಣ ಗದ್ದೆ ಕೆಸರಿನಲ್ಲೇ ಬಂದ. ಇಬ್ಬರು ಹುಡುಗಿಯರೂ ಗೋಡೆಗೆ ಒರಗಿ ನಿಂತಿದ್ದರು. ರತ್ನ ಉತ್ತರ ಪುಸ್ತಕ ತುಂಬಿದ ಮೇಲೆ ಹೆಚ್ಚುವರಿ ಹಾಳೆ ಈಸಿಕೊಂಡು ಬರೆದಿದ್ದಳಂತೆ. ಆ ಹಾಳೆಗಳನ್ನು ತಿದ್ದಿದ್ದರೂ ಅದರ ಅಂಕ ಮೊತ್ತಕ್ಕೆ ಸೇರಿರಲಿಲ್ಲವಂತೆ. ಈಗ ಎಲ್ಲ ಕೂಡಿಸಿದರೆ ಎಪ್ಪತ್ತೊಂಬತ್ತು. "ಫಸ್ಟ್ ಕ್ಲಾಸು" ಅಂದರು ಹೆಡ್‌ಮಾಸ್ಟರು. ನಿಂಗಣ್ಣ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತ.

"ರೂಪಂದು, ಸಾರ್?" ನಾನೇ ಕೇಳಿದೆ. ಅವರು ನನ್ನನ್ನು ನೋಡಲಿಲ್ಲ, ರೂಪಳನ್ನೇ ನೋಡಿ ಹೇಳಿದರು. "ಅವಳದಕ್ಕೇನಾಗಿದೆ? ಅದು ಅವಳದೇ. ಯಾವ ಅದಲುಬದಲೂ ಇಲ್ಲ."

ರತ್ನ ನಕ್ಕಳು. ಎಷ್ಟು ದಿನವಾಗಿತ್ತೋ ಆ ಹುಡುಗಿ ನಕ್ಕು. "ನಂಗಿಂತ ಐದು ಜಾಸ್ತಿ ಕಣೇ ನೀನು, ಯೋಳ್ಕೊಟ್ಟೋಳು ನಾನು!" ಎಂದು ರೂಪಳ ಬೆನ್ನಿಗೆ ಗುದ್ದಿದಳು. ರೂಪಳೂ ನಕ್ಕಳು. ನಗುತ್ತಲೇ ಒಮ್ಮೆ ನನ್ನ ಕಡೆ ನೋಡಿದಳು, ನೋಡಿ ನಗು ನಿಲ್ಲಿಸಿದಳು. ಊರವರೆಲ್ಲ ಆಮೇಲೆ ಬಂದು, ಸರೋಜಾ ಎಂಥ ಧರ್ಮಾತ್ಮಳು ಅಂದರು. ಆ ಮಾತು ಕೇಳಿದಾಗಲೆಲ್ಲ ಎದ್ದು ಹಿತ್ತಿಲಿಗೆ ಹೋಗುತ್ತಿದ್ದೆ.

ಕಾಲೇಜಿನವರನ್ನು ಕಾಡಿ ಬೇಡಿ ಇಬ್ಬರನ್ನೂ ತಡವಾಗಿ ಸೇರಿಸಿಕೊಳ್ಳುವಂತೆ ಮಾಡಿದ್ದಾಯಿತು. ಪಾಂಡವಪುರಕ್ಕೆ ಬೆಳಗಿನ ಬಸ್ಸಿಗೆ ಹೋಗುತ್ತಾರೆ, ರತ್ನ ಸೈನ್ಸು, ರೂಪ ಕಾಮರ್ಸು. ಹೇಮಗಿರಿ ಗಂಡಿನವರಿಗೆ ನಿಂಗಣ್ಣ ತಾನೇ ಹೋಗಿ, ಮಗಳು ಓದುತ್ತಾಳೆ, ಈಗ ಆಗದು ಎಂದು ಹೇಳಿ ಬಂದಿದ್ದಾನೆ. ಅವನ ತಂಗಿ ಮುನಿಸಿಕೊಂಡಿದ್ದಾಳೆ. ಮುಂದೆ ಅವನ ಮನಸ್ಸು ಅಲುಗಾಡಿದರೆ ಮತ್ತೆ ಹೋಗಿ ಅವನ ಹೊಸಿಲಲ್ಲಿ ಕೂರುತ್ತೇನೆ. ರತ್ನ ಓದು ಮುಗಿಸುವ ತನಕ ಎಷ್ಟು ಸಲ ಬೇಕಾದರೂ ಕೂರುತ್ತೇನೆ. ಇದು ನಿನಗೆ ಕೊಡುವ ಮಾತು.

ರೂಪ ಒಂದು ದಿನ ಕಾಫಿ ಕುಡಿಯುತ್ತಾ ಕೇಳಿದಳು, "ರತ್ನಂಗೆ ಕಮ್ಮಿ ಬಂದು ನಂಗೆ ಜಾಸ್ತಿ ಬಂದಾಗ ಅನುಮಾನ ಬಂತು. ನಂಗೆ ಕಮ್ಮಿ ಬಂದಿದ್ರೆ ಅರ್ಜಿ ಹಾಕುಸ್ತಿದ್ಯಾ ಅವ್ವ?" ಉತ್ತರಕ್ಕೆ ಕಾಯದೆ ಲೋಟ ತೊಳೆಯಲು ಎದ್ದಳು. ನೀನಿದ್ದಿದ್ದರೆ ಓಡಿ ಬಂದು ನಿನ್ನನ್ನು ಕೇಳುತ್ತಿದ್ದೆ. ನೀನು ರೂಪಳಿಗೂ ಹಾಕಿಸುತ್ತಿದ್ದೆ ಅಲ್ಲವಾ? ನಿನಗೆ ಅವಳ ಮೇಲೆ ನನಗಿಂತ ನಂಬಿಕೆಯಿತ್ತು. ಅವಳನ್ನು ನೋಡು, ಸುಮ್ಮನಿರುತ್ತಾಳೆ, ಒಳಗೊಳಗೇ ಕಲಿಯುತ್ತಾಳೆ ಎಂದು ನೀನು ಎಂದೋ ಹೇಳಿದ್ದೆಯಾ, ಅಥವಾ ಈಗ ನನಗೆ ಹಾಗೆ ಅನ್ನಿಸುತ್ತಿದೆಯಾ...

ಇವತ್ತು ಬೆಳಿಗ್ಗೆ ಆದದ್ದನ್ನು ಹೇಳಲೇ ಈ ಕಾಗದ. ರಿಸಲ್ಟು ಬಂದಾಗಿನಿಂದ ರೂಪ ತನ್ನ ಜಡೆ ತಾನೇ ಹಾಕಿಕೊಳ್ಳುತ್ತಿದ್ದಳು, ವಾರೆಕೋರೆಯಾಗಿ. ನಾನು ಕರೆದರೂ ಬರುತ್ತಿರಲಿಲ್ಲ. ಇವತ್ತು ಬಸ್ಸಿಗೆ ಹೊತ್ತಾಗಿತ್ತು. ಬಾಚಣಿಗೆ, ಟೇಪು ತಂದು ನನ್ನ ಪಕ್ಕದಲ್ಲಿಟ್ಟು ಬೆನ್ನು ತಿರುಗಿಸಿ ಕೂತಳು. ಕೂದಲು ಬಿಡಿಸಿ ನಿಧಾನವಾಗಿ ಹೆಣೆಯತೊಡಗಿದೆ. ಬೇಗ ಮುಗಿದುಹೋದೀತು ಎಂಬ ಭಯ. ಆಚೆ ಬೀದಿಯಿಂದ ರತ್ನ ಕೂಗಿದಳು. "ಬಿಗ್ಯಾಗಿ ಹಾಕವ್ವ" ಅಂದಳು ರೂಪ, "ಬಸ್ನಾಗೆ ಬಿಚ್ಚೋಯ್ತದೆ."

ಇಷ್ಟೇ ಮಾತಾಡಿದ್ದು, ಜಯಕ್ಕ. ನಿನಗಲ್ಲದೆ ಇದನ್ನು ಇನ್ಯಾರಿಗೆ ಹೇಳಲಿ?

ನಿನ್ನ
ಸರೋಜಿ