ಬೀಳದೆ ಉಳಿದ ನಗರ

ಮಾರ್ಚ್ 4, ಸಂಜೆ

ಮತ್ತೊಂದು ಸಾಮ್ರಾಜ್ಯ ಮುಗಿಯಿತು. ಕ್ಲಿನಿಕ್‌ನಲ್ಲಿ ದಿನವಿಡೀ ಹಲ್ಲುನೋವಿನವರಿಗೆ ಅಪಾಯಿಂಟ್‌ಮೆಂಟ್ ಕೊಟ್ಟು ಸಾಕಾಗಿ ಬಂದರೆ, ಬ್ಯಾಗ್ ಇಡುವಷ್ಟರಲ್ಲಿ ಮಾವನ ದನಿ— "ಬಂದ್ಯೇನಮ್ಮಾ? ನಿನ್ನೆ ಶತ್ರುಗಳು ಕೋಟೆ ಬಾಗಿಲಿಗೆ ಬಂದಿದ್ರು." ಹಾಳು ಶತ್ರುಗಳು, ಟೀ ಕುಡಿಯಲೂ ಬಿಡಲಿಲ್ಲ.

ಮಾವ ರೈಲಿನ ಗಾರ್ಡ್ ಆಗಿದ್ದಾಗ ಕೊನೇ ಡಬ್ಬಿಯಲ್ಲಿ ಕೂತು ಇಂಥ ಇತಿಹಾಸದ ಪುಸ್ತಕಗಳನ್ನೇ ಓದಿದವರು. ಈಗ ಕಣ್ಣು ಕಾಣುವುದಿಲ್ಲ, ನಾನು ಓದಬೇಕು. ಎಲ್ಲದರದ್ದೂ ಒಂದೇ ಜಾಡು. ಕಾಲುವೆ ತೋಡುತ್ತಾರೆ, ಗೋಡೆ ಕಟ್ಟುತ್ತಾರೆ, ಮೆರೆಯುತ್ತಾರೆ, ಹಾಳಾಗಿ ಹೋಗುತ್ತಾರೆ. ಹಾಳಾಗುವ ಅಧ್ಯಾಯ ಓದಿದ ದಿನ ಮಾವ ಊಟ ಅರ್ಧಕ್ಕೇ ಬಿಡುತ್ತಾರೆ. "ಇಷ್ಟೆಲ್ಲ ಕಟ್ಟಿ ಏನು ಬಂತು" ಎನ್ನುತ್ತ ಗೋಡೆ ಕಡೆ ತಿರುಗಿ ಮಲಗುತ್ತಾರೆ. ಇವತ್ತೂ ಅಷ್ಟೇ.

ಮಾರ್ಚ್ 5

ನಿನ್ನೆ ಒಂದು ವಿಷಯ ಬರೆಯದೆ ಬಿಟ್ಟೆ. ಮಾವನ ದೃಷ್ಟಿ ಇನ್ನು ಬರುವುದಿಲ್ಲ ಎಂದು ಕಣ್ಣಿನ ಡಾಕ್ಟರು ನನ್ನ ಹತ್ತಿರ ಹೇಳಿದ್ದು ಜನವರಿಯಲ್ಲಿ. ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದ ಮಾವನಿಗೆ "ನಿಧಾನಕ್ಕೆ ಬರುತ್ತಂತೆ" ಎಂದುಬಿಟ್ಟೆ. ಗಂಡ ಬೈದರು. ಬೈದು, ಸತ್ಯ ಹೇಳುವ ಕೆಲಸವನ್ನು ನನ್ನ ತಲೆಗೇ ಕಟ್ಟಿದರು. ಮಹಾ ಧೈರ್ಯವಂತರು!

ಮಾರ್ಚ್ 11

ಮಾಡಬಾರದ್ದು ಮಾಡಿದೆ.

ಮೂರು ಕಾಲುವೆಗಳ ನಗರದ ಕಥೆ. ಮಣ್ಣಿಗೆ ಉಪ್ಪೇರಿ, ಪೈರು ಸತ್ತು, ಜನ ಮನೆಗಳನ್ನು ಹಾಗೇ ಬಿಟ್ಟು ಹೋದರು ಎಂದು ಪುಸ್ತಕದಲ್ಲಿದೆ. ಮಾವ ಉಸಿರು ಬಿಗಿಹಿಡಿದು ಕೂತಿದ್ದರು. ಓದಲು ನಾಲಿಗೆ ಏಳಲಿಲ್ಲ. "ಆಗ ಆ ಊರಲ್ಲಿ ಒಬ್ಬ ಮುದುಕಿ..." ಎಂದು ಶುರುಮಾಡಿದೆ. ಮುದುಕಿ ಉಪ್ಪುನೀರು ಬಸಿದು ಹೋಗಲು ಚರಂಡಿ ತೋಡಿಸಿದಳು. ಊರವರು ವರ್ಷಗಟ್ಟಲೆ ಕಾದರು. ಮತ್ತೆ ಹಸಿರು ಬಂತು. ಬರೀ ಬುರುಡೆ. ನಡುವೆ ಪುಟ ತಿರುಗಿಸುವ ಸದ್ದು ಬೇರೆ ಮಾಡಿದೆ.

"ಕಾದ್ರಾ? ಭೇಷ್!" ಎಂದು ಮಾವ ತೊಡೆ ತಟ್ಟಿದರು. ಬಡಿಸಿಕೊಂಡು ಬಡಿಸಿಕೊಂಡು ಉಂಡರು. ನನಗೆ ಅಳು ಬಂತು.

ಮಾರ್ಚ್ 27

ಗ್ರಹಚಾರ. ಲೈಬ್ರರಿಯವರು ಮನೆಗೆ ಬಂದಿದ್ದರು. ಭಾನುವಾರ ಓದುಗರ ಕೂಟದಲ್ಲಿ ಮಾವ ಮಾತಾಡಬೇಕಂತೆ. ಎಷ್ಟು ಸಲ ಕರೆದರೂ ಒಲ್ಲೆ ಎಂದವರು ಈ ಸಲ ಒಪ್ಪಿಬಿಟ್ಟರು. ವಿಷಯ... ನನ್ನ ಮುದುಕಿ!

"ಎಲ್ರೂ ಬಿದ್ದುಹೋದ ಊರಿನ ಕಥೆನೇ ಹೇಳ್ತಾರೆ ಸಾರ್. ನಾನು ಕಾದು ಉಳ್ಕೊಂಡ ಊರಿನ ಕಥೆ ಹೇಳ್ತೀನಿ."

ಆ ಪುಸ್ತಕವನ್ನು ಕೂಟದಲ್ಲಿ ಎಲ್ಲರೂ ಓದಿದ್ದಾರೆ. ಮಾವ ಅಷ್ಟು ಜನರ ಮುಂದೆ ನಗೆಪಾಟಲಾಗುತ್ತಾರೆ, ನನ್ನಿಂದ. ಗಂಡನಿಗೆ ಹೇಳಿದೆ. "ಊರು ಉಳಿಸಿದವಳು ನೀನು. ನೀನೇ ನೋಡ್ಕೋ" ಎಂದು ಟವೆಲ್ ಹಿಡಿದು ಸ್ನಾನಕ್ಕೆ ನಡೆದರು.

ಮಾರ್ಚ್ 30, ಭಾನುವಾರ, ಬೆಳಗ್ಗೆ

ಹೇಳಿಬಿಟ್ಟೆ. ಇಸ್ತ್ರಿ ಅಂಗಿ ತೊಟ್ಟು ಆಗಲೇ ತಯಾರಾಗಿ ಕೂತಿದ್ದರು. ಕಾಲರ್ ಸರಿಮಾಡುವ ನೆಪದಲ್ಲಿ ಹತ್ತಿರ ಹೋದೆ.

"ಮಾವ, ಆ ಮುದುಕಿ ಪುಸ್ತಕದಲ್ಲಿಲ್ಲ. ಊರು ಉಳೀಲಿಲ್ಲ. ಎಲ್ಲಾ ನಾನೇ ಕಟ್ಟಿದ್ದು."

ಬೈಯಲಿಲ್ಲ. ನಕ್ಕರು! "ನಮ್ಮನೇಲೇ ಒಬ್ಬಳು ಇತಿಹಾಸಕಾರ್ತಿ ಇದ್ದಾಳೆ ಅಂತ ಗೊತ್ತಿರ್ಲಿಲ್ಲ ನೋಡು. ಯಾಕಮ್ಮಾ ಹಾಗ್ ಮಾಡ್ದೆ?"

"ನೀವು ಊಟ ಬಿಡ್ತಿದ್ರಿ. ನೋಡೋಕಾಗ್ಲಿಲ್ಲ."

ಹೂಂ ಎಂದರು. ಸ್ವಲ್ಪ ಹೊತ್ತಿಗೆ ಮುಖದ ನಗು ಆರಿತು. ತಡಕಾಡಿ ನನ್ನ ಕೈ ಹಿಡಿದುಕೊಂಡರು.

"ಕಣ್ಣು ನಿಧಾನಕ್ಕೆ ಬರುತ್ತೆ ಅಂತ ಡಾಕ್ಟ್ರು ಅಂದಿದ್ದು... ಅದನ್ನೂ ನೀನೇ ಅಲ್ವಾ ಹೇಳಿದ್ದು?"

ಹಾಲು ಉಕ್ಕುತ್ತಿದೆ ಎಂದು ಅಡುಗೆಮನೆಗೆ ಓಡಿ ಬಂದಿದ್ದೇನೆ. ಒಲೆ ಹಚ್ಚೇ ಇಲ್ಲ. ನಿಂತೇ ಗೀಚುತ್ತಿದ್ದೇನೆ. ಮಾವ ಗೋಡೆ ಹಿಡಿದುಕೊಂಡು ಬಂದರು. ಬಾಗಿಲಲ್ಲೇ ನಿಂತಿದ್ದಾರೆ.

"ಅದನ್ನೂ ಇದ್ದ ಹಾಗೇ ಓದಿಬಿಡಮ್ಮಾ. ನಾನು ಕೇಳ್ತೀನಿ."

ಪೆನ್ನು ಇಡುತ್ತೇನೆ. ಮಾವ ಕಾಯುತ್ತಿ—